ಹಳೆ ಮನೆ ಕೆಡವುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ, ಕೆಲಸ ನಡೆಯುವಲ್ಲಿಗೇ ಬಂದು ಜನ ಕೇಳಿದ ಪ್ರಶ್ನೆಗಳನ್ನು ಕೂಡಿಸಿ ಇಟ್ಟಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ. ಮಲೆನಾಡಿನ ಹೆಂಚಿನ ಮನೆ, ಬಯಲುಸೀಮೆಯ ಮೇಲ್ಮುದ್ದೆ (ಮಣ್ಣಿನ ಮಾಳಿಗೆ) ಮನೆ, ಬೆಂಗಳೂರು ಮೈಸೂರಿನ ಎಂಬತ್ತು ತೊಂಬತ್ತರ ದಶಕದ ಆರ್‌ಸಿಸಿ ಮನೆ ಎಲ್ಲವೂ ಇದರಲ್ಲಿವೆ. ನಿಮ್ಮ ಮನೆಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಶುರುವಿಗೆ ಮುಂಚೆ

"ಮನೆಗೆ ನಲವತ್ತು ವರ್ಷ ಆಯ್ತು. ರಿಪೇರಿಗೆ ದುಡ್ಡು ಸುರಿಯೋ ಬದಲು ಕೆಡವಿ ಕಟ್ಟೋದೇ ಲಾಭ ಅಂತಾರೆ ಮೇಸ್ತ್ರಿ. ಹೌದಾ?"

ಮೇಸ್ತ್ರಿಗಳಿಗೆ ಹೊಸ ಕೆಲಸ ಸುಲಭ. ರಿಪೇರಿಯಲ್ಲಿ ಗೋಡೆ ಬಿಚ್ಚಿದ ಮೇಲೇ ಒಳಗೇನಿದೆ ಎಂದು ಗೊತ್ತಾಗುವುದು, ಅದಕ್ಕೆ ಚದರಡಿ ಲೆಕ್ಕದಲ್ಲಿ ರೇಟು ಹೇಳಲಾಗುವುದಿಲ್ಲ. ಹಾಗಾಗಿ ಆ ಸಲಹೆಯನ್ನು ಕೆಟ್ಟ ಮನಸ್ಸಿನದು ಎನ್ನಬೇಡಿ, ಆದರೆ ಅದೇ ಕೊನೆಯ ಮಾತೂ ಅಲ್ಲ.

ದುಡ್ಡಿನ ಜೊತೆಗೆ, ಭೂಮಿಯನ್ನು ಬಿಸಿಮಾಡುವ ಅನಿಲದ ಲೆಕ್ಕವನ್ನೂ ನೋಡಿ. ಸಾವಿರ ಚದರಡಿ ಆರ್‌ಸಿಸಿ ಮನೆಗೆ ಸುಮಾರು 400 ಚೀಲ ಸಿಮೆಂಟು, 4 ಟನ್ ಕಬ್ಬಿಣ ಬೇಕು ಎನ್ನುವುದು ನಮ್ಮ ಕಡೆಯ ಗುತ್ತಿಗೆದಾರರೆಲ್ಲ ಬಳಸುವ ಅಂದಾಜು. 400 ಚೀಲ ಎಂದರೆ 20 ಟನ್ ಸಿಮೆಂಟು. ಸುಣ್ಣದ ಕಲ್ಲನ್ನು ಕುಲುಮೆಯಲ್ಲಿ ಸುಡುವಾಗ ಕಲ್ಲಿನೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಸುಡುವ ಕಲ್ಲಿದ್ದಲಿನದು ಬೇರೆ. ಸಿಮೆಂಟು ಕಬ್ಬಿಣ ಎರಡನ್ನೂ ಸೇರಿಸಿದರೆ 20 ಟನ್‌ಗೆ ಕಡಿಮೆಯಿಲ್ಲದಷ್ಟು ಅನಿಲ ಗಾಳಿಗೆ ಸೇರಿರುತ್ತದೆ. ತಿಂಗಳಿಗೆ 100 ಯೂನಿಟ್ ಉರಿಸುವ ಮನೆ ಅಷ್ಟು ಅನಿಲಕ್ಕೆ ಕಾರಣವಾಗಲು, ನಮ್ಮ ದೇಶದ ಈಗಿನ ವಿದ್ಯುತ್ತಿನ ಲೆಕ್ಕದಲ್ಲಿ (ಯೂನಿಟ್ಟಿಗೆ ಸುಮಾರು 0.7 ಕೆಜಿ), 23-24 ವರ್ಷ ಬೇಕು. ಇಟ್ಟಿಗೆ, ಮರಳು, ಟೈಲ್ಸ್, ಲಾರಿಯ ಡೀಸೆಲ್ ಇದರಲ್ಲಿ ಸೇರಿಲ್ಲ. ನಿಂತಿರುವ ಮನೆಯಲ್ಲಿ ಈ ಖರ್ಚೆಲ್ಲ ಆಗಿ ಮುಗಿದಿದೆ.

ಹಾಗೆಂದು ಎಲ್ಲ ಮನೆಯನ್ನೂ ಉಳಿಸಬೇಕು ಎಂದು ಹಟ ಹಿಡಿಯುವವನಲ್ಲ ನಾನು. ಪಾಯ ಕುಸಿಯುತ್ತಲೇ ಇದ್ದರೆ, ಛಾವಣಿಯ ಕಂಬಿ ಉದ್ದಕ್ಕೂ ತುಕ್ಕು ತಿಂದು ದಾರದಂತಾಗಿದ್ದರೆ, ಗೋಡೆ ಹೊರಕ್ಕೆ ವಾಲಿದ್ದರೆ ಕೆಡವುವುದೇ ಸರಿ. ಬಣ್ಣ ಹೋಗಿದೆ, ಅಡುಗೆ ಮನೆ ಚಿಕ್ಕದು, ವೈರಿಂಗ್ ಹಳೆಯದು, ಬಾತ್‌ರೂಮ್ ಸೋರುತ್ತದೆ ಎನ್ನುವುದು ಕೆಡವಲು ಕಾರಣವೇ ಅಲ್ಲ.

"ದುಡ್ಡು ಒಂದೇ ಸಲ ಹೊಂದಿಸೋಕೆ ಆಗಲ್ಲ. ಯಾವುದರಿಂದ ಶುರು ಮಾಡ್ಬೇಕು?"

ನೀರಿನಿಂದ. ಮಳೆ ನೀರು ಒಳಗೆ ಬರುವ ದಾರಿ, ಪೈಪಿನ ಸೋರಿಕೆ, ಮನೆಯ ಬುಡದಲ್ಲಿ ನಿಲ್ಲುವ ನೀರು ಈ ಮೂರನ್ನು ನಿಲ್ಲಿಸುವ ಮೊದಲು ಬೇರೆ ಯಾವುದಕ್ಕೂ ಒಂದು ರೂಪಾಯಿ ಹಾಕಬೇಡಿ. ನೀರು ನಿಂತ ಮೇಲೆ ವೈರಿಂಗ್, ಅದಾದ ಮೇಲೆ ಬಿಸಿಲು ಗಾಳಿ ಬೆಳಕಿನ ಕೆಲಸ, ಆಮೇಲೆ ಸೋಲಾರ್, ಕಟ್ಟಕಡೆಗೆ ಬಣ್ಣ. ಬಹಳ ಜನ ಗೃಹಪ್ರವೇಶಕ್ಕೋ ಹಬ್ಬಕ್ಕೋ ಬಣ್ಣದಿಂದ ಶುರುಮಾಡುತ್ತಾರೆ, ಎರಡನೇ ಮಳೆಗಾಲಕ್ಕೆ ಅದೆಲ್ಲ ಗೋಡೆಯಿಂದ ಎದ್ದು ಬರುತ್ತದೆ.

ಸಾಧ್ಯವಿದ್ದರೆ ಒಂದು ಪೂರ್ತಿ ಮಳೆಗಾಲ ಏನೂ ಮಾಡದೆ ಮನೆಯನ್ನು ನೋಡಿ. ಎಲ್ಲಿ ಹನಿಯಿತು, ಯಾವ ಗೋಡೆ ಯಾವ ತಿಂಗಳು ಒದ್ದೆಯಾಯಿತು, ಎಷ್ಟು ಎತ್ತರದವರೆಗೆ ಎಂದು ಪೆನ್ಸಿಲಿನಲ್ಲಿ ಗೋಡೆಯ ಮೇಲೇ ಗುರುತು ಹಾಕಿ ತಾರೀಖು ಬರೆಯಿರಿ. ಬೇಸಿಗೆಯಲ್ಲಿ ಬಂದ ಮೇಸ್ತ್ರಿಗೆ ಕಾಣದ್ದು ಆ ಗುರುತಿನಲ್ಲಿ ಇರುತ್ತದೆ.

"ಗೋಡೆ ಬಿರುಕು ಬಿಟ್ಟಿದೆ. ಭಯ ಪಡಬೇಕಾದ ಬಿರುಕು ಯಾವುದು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

ಕೂದಲಿನಷ್ಟು ಸಣ್ಣಗೆ, ಬಲೆಯಂತೆ ಹರಡಿದ್ದು ಪ್ಲಾಸ್ಟರಿನ ಬಿರುಕು, ಅದರಿಂದ ಅಪಾಯವಿಲ್ಲ. ಕಂಬ ಅಥವಾ ಬೀಮು ಇಟ್ಟಿಗೆ ಗೋಡೆಗೆ ಕೂಡುವಲ್ಲಿ ನೇರವಾಗಿ ಹೋದದ್ದು ಎರಡು ವಸ್ತುಗಳು ಬೇರೆ ಬೇರೆ ಹಿಗ್ಗಿದ್ದರಿಂದ ಆದದ್ದು. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಮೆಟ್ಟಿಲಿನಂತೆ ಏರಿ, ಒಂದು ತುದಿ ಅಗಲವಾಗಿ ಇನ್ನೊಂದು ತುದಿ ಸಣ್ಣಗಾಗಿದ್ದರೆ ಪಾಯದ ಕಡೆ ನೋಡಬೇಕು. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಗಟ್ಟಿಯಾಗಿ ಅಂಟಿಸಿ ತಾರೀಖು ಬರೆದಿಡಿ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ. ಆಗ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಬೇಕು, ಮೇಸ್ತ್ರಿಯನ್ನಲ್ಲ. ಎರೆ ಭೂಮಿಯವರಿಗೆ ಒಂದು ಮಾತು: ಕರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಕೆಲವು ಬಿರುಕುಗಳು ವರ್ಷವರ್ಷ ತೆರೆದು ಮುಚ್ಚುತ್ತವೆ. ಅಂಥ ಕಡೆ ಗಾಜನ್ನು ಒಂದು ಇಡೀ ವರ್ಷ ಬಿಡಿ.

## ಗೋಡೆ ಮತ್ತು ತೇವ

"ನೆಲದಿಂದ ಎರಡು ಮೂರು ಅಡಿವರೆಗೆ ಬಣ್ಣ ಉಬ್ಬಿ ಉದುರ್ತಾ ಇದೆ, ಬಿಳಿ ಪುಡಿ ಬರ್ತಿದೆ. ಡ್ಯಾಂಪ್‌ಪ್ರೂಫ್ ಪೇಂಟ್ ಹೊಡೆಸಿದ್ರೆ ನಿಲ್ಲುತ್ತಾ?"

ನಿಲ್ಲುವುದಿಲ್ಲ, ಮೇಲಕ್ಕೆ ಹೋಗುತ್ತದೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆ, ಮಣ್ಣು, ಗಾರೆ ನೆಲದ ನೀರನ್ನು ಹೀರುತ್ತವೆ. ಬಿಳಿ ಪುಡಿ ಆ ನೀರಿನೊಡನೆ ಬಂದ ಲವಣ. ಗೋಡೆಯ ಮೇಲ್ಮೈಯಿಂದ ಆರಿಹೋಗಬೇಕಾದ ನೀರಿಗೆ ನೀವು ಪ್ಲಾಸ್ಟಿಕ್ಕಿನಂಥ ಪದರ ಮುಚ್ಚಿದರೆ ಅದು ಪದರ ಮುಗಿಯುವ ಎತ್ತರದವರೆಗೆ ಏರಿ ಅಲ್ಲಿ ಹೊರಬರುತ್ತದೆ. ಎರಡು ಅಡಿಯಲ್ಲಿದ್ದ ತೇವ ನಾಲ್ಕು ಅಡಿಗೆ ಹೋದ ಮನೆಗಳನ್ನು ಎಷ್ಟೋ ನೋಡಿದ್ದೇನೆ.

ಮೊದಲು ಹೊರಗೆ ಹೋಗಿ ಗೋಡೆಯ ಬುಡ ನೋಡಿ. ರಸ್ತೆ, ಅಂಗಳ ಎತ್ತರವಾಗುತ್ತ ಬಂದು ಹೊರಗಿನ ನೆಲ ಒಳಗಿನ ನೆಲದ ಮಟ್ಟಕ್ಕೆ ಬಂದಿದೆಯೇ? ಗೋಡೆಗೆ ತಾಗಿಕೊಂಡೇ ಕಾಂಕ್ರೀಟು ಹಾಕಿಸಿದ್ದೀರಾ? ಹೂವಿನ ಪಾತಿ ಗೋಡೆಗೆ ಒರಗಿದೆಯೇ? ಮಾಡಿನ (ಇಳಿಜಾರು ಛಾವಣಿಯ) ನೀರು ಬುಡಕ್ಕೇ ಬೀಳುತ್ತಿದೆಯೇ? ಗೋಡೆಯುದ್ದಕ್ಕೂ ಒಂದಡಿ ಅಗಲ ಮಣ್ಣು ತೆಗೆದು, ಒಳ ನೆಲಕ್ಕಿಂತ ತಗ್ಗಿನಲ್ಲಿ ಜಲ್ಲಿ ತುಂಬಿ, ನೀರು ಮನೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿ. ಎಷ್ಟೋ ಮನೆಗಳ ಕಾಯಿಲೆ ಇಷ್ಟಕ್ಕೇ ಅರ್ಧ ಇಳಿಯುತ್ತದೆ. ಆಮೇಲೆ ಕೆಟ್ಟ ಪ್ಲಾಸ್ಟರನ್ನು ತೇವದ ಗೆರೆಗಿಂತ ಒಂದಡಿ ಮೇಲಿನವರೆಗೂ ಕೆತ್ತಿ, ಲವಣವನ್ನು ಒಣ ಬ್ರಷ್ಷಿನಿಂದ ಉಜ್ಜಿ (ತೊಳೆದರೆ ಮತ್ತೆ ಒಳಗೆ ಹೋಗುತ್ತದೆ), ಕೆಲವು ತಿಂಗಳು ಬೆತ್ತಲೆ ಬಿಡಿ. ಮನೆ ಚೆನ್ನಾಗಿ ಕಾಣುವುದಿಲ್ಲ, ನಿಜ. ಆದರೆ ಒಣಗದ ಗೋಡೆಯ ಮೇಲೆ ಮಾಡಿದ ಯಾವ ಕೆಲಸವೂ ನಿಲ್ಲುವುದಿಲ್ಲ.

ಬಾತ್‌ರೂಮಿನ ಹಿಂದಿನ ಗೋಡೆಯೊಂದೇ ಒದ್ದೆಯಾಗಿದ್ದು, ಬೇಸಿಗೆಯಲ್ಲೂ ಹಾಗೇ ಇದ್ದರೆ ಅದು ನೆಲದ ನೀರಲ್ಲ, ಪೈಪಿನದು.

"ನಮ್ಮದು ಮಣ್ಣಿನ ಗೋಡೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿಬಿಟ್ಟರೆ ಗಟ್ಟಿ ಆಗುತ್ತಲ್ವಾ?"

ನಾನೇ ಮಾಡಿಸಿದ್ದೆ, ನಮ್ಮ ಅಜ್ಜನ ಮನೆಗೆ. ಮಳೆ ಹೊಡೆತ ಬೀಳುವ ಪಶ್ಚಿಮದ ಗೋಡೆಗೆ ಅರ್ಧ ಇಂಚು ಸಿಮೆಂಟು. ಮೂರು ವರ್ಷ ಕಲ್ಲಿನ ಹಾಗಿತ್ತು. ನಾಲ್ಕನೇ ವರ್ಷ ತಟ್ಟಿದರೆ ಡೊಳ್ಳಿನ ಸದ್ದು. ಮಳೆಗಾಲದ ಒಂದು ರಾತ್ರಿ ಚಾಪೆಯಷ್ಟು ದೊಡ್ಡ ತುಂಡು ಬಿತ್ತು, ಅದರ ಹಿಂದಿದ್ದ ಮಣ್ಣು ಕೈಯಲ್ಲಿ ಹಿಡಿದರೆ ಕೆಸರು. ಎಪ್ಪತ್ತು ವರ್ಷ ನಿಂತಿದ್ದ ಗೋಡೆಯನ್ನು ನಾಲ್ಕು ವರ್ಷದಲ್ಲಿ ಹಾಳು ಮಾಡಿದೆನಲ್ಲ ಎಂದು ಇವತ್ತಿಗೂ ನೋವಾಗುತ್ತದೆ.

ಮಣ್ಣು ತೇವ ಕುಡಿಯುತ್ತದೆ, ಬಿಡುತ್ತದೆ, ಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಸಿಮೆಂಟು ಇದಾವುದನ್ನೂ ಮಾಡದೆ ಬಿಗಿದುಕೊಂಡು ನಿಲ್ಲುತ್ತದೆ. ಹಾಗಾಗಿ ನಡುವೆ ಕೂದಲಿನಷ್ಟು ಸಂದು ಬೀಳುತ್ತದೆ, ಅದರೊಳಗೆ ಮಳೆ ನೀರು ಇಳಿಯುತ್ತದೆ, ಹೊರಗೆ ಬರಲು ದಾರಿಯಿಲ್ಲದೆ ಗೋಡೆಯನ್ನೇ ಕರಗಿಸುತ್ತದೆ. ಮಣ್ಣಿಗೆ ಮಣ್ಣು ಅಥವಾ ಸುಣ್ಣವೇ ಹೊಂದುವುದು. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಇಟ್ಟಿಗೆ ಗೋಡೆಗೂ ಮುರಕಲ್ಲಿನ (ಲ್ಯಾಟರೈಟ್) ಗೋಡೆಗೂ ಇದೇ ಮಾತು. ಮಳೆ ಹೊಡೆತ ಜೋರಾಗಿದ್ದರೆ ಗೋಡೆಗೆ ಸಿಮೆಂಟು ಬಳಿಯುವ ಬದಲು ಮಾಡನ್ನು ಎರಡಡಿ ಹೊರಕ್ಕೆ ಚಾಚಿಸಿ.

"ಸುಣ್ಣದ ಗಾರೆ ಮಾಡೋರು ಈಗ ಎಲ್ಲಿದ್ದಾರೆ? ನಾವೇ ಮಾಡ್ಕೊಳ್ಳಬಹುದಾ?"

ಮಾಡಬಹುದು, ತಾಳ್ಮೆ ಇದ್ದರೆ. ಹಳೆಯ ದೇವಸ್ಥಾನ, ಅರಮನೆಗಳ ಜೀರ್ಣೋದ್ಧಾರದಲ್ಲಿ ಕೆಲಸ ಮಾಡಿದ ಕೈಗಳು ಇನ್ನೂ ಇವೆ. ಅಂಥವರು ಸಿಕ್ಕರೆ ನಾಲ್ಕು ದಿನ ಕರೆಸಿ ನಿಮ್ಮೂರಿನ ಮೇಸ್ತ್ರಿಗೆ ಕಲಿಸಿ.

ಕೆಲಸದ ದಾರಿ ಹೀಗೆ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸಬೇಕು. ಕುದಿಯುತ್ತದೆ, ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಕನ್ನಡಕ, ಕೈಗವಸು ಬೇಕೇ ಬೇಕು, ಮಕ್ಕಳು ಹತ್ತಿರ ಇರಬಾರದು, ಯಾವಾಗಲೂ ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣಕ್ಕೆ ನೀರಲ್ಲ. ಅರಳಿದ್ದನ್ನು ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ, ಕಡಿಮೆಯೆಂದರೆ ಎರಡು ಮೂರು ವಾರ ಬಿಡಬೇಕು. ಹೆಚ್ಚು ದಿನ ಬಿಟ್ಟಷ್ಟೂ ಬೆಣ್ಣೆಯಂತಾಗುತ್ತದೆ. ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ನೀರು ಬೀಳುವ ಕಡೆ ಮರಳಿನ ಒಂದು ಪಾಲನ್ನು ಸುರ್ಕಿಗೆ, ಅಂದರೆ ಇಟ್ಟಿಗೆ ಪುಡಿಗೆ, ಬದಲಿಸಿದರೆ ಗಾರೆ ನೀರಿಗೂ ಗಟ್ಟಿಯಾಗುತ್ತದೆ. ಬೆಲ್ಲದ ನೀರು, ಅಳಲೆಕಾಯಿ ಕೊಳೆಸಿದ ನೀರು ಬೆರೆಸುವುದು ದಕ್ಷಿಣ ಭಾರತದ ಹಳೆಯ ಪದ್ಧತಿ. ಪ್ರತಿ ಪದರ ಅರ್ಧ ಇಂಚಿಗಿಂತ ದಪ್ಪ ಇರಬಾರದು, ನೆರಳಿನಲ್ಲಿ ನಿಧಾನ ಆರಬೇಕು, ಗೋಣಿ ಒದ್ದೆ ಮಾಡಿ ಮುಚ್ಚಿಡಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಗಡಿಬಿಡಿಯ ಕೆಲಸಕ್ಕೆ ಇದು ಆಗಿಬರುವುದಿಲ್ಲ.

"ಹಳೆ ಬಾಗಿಲಿನ ಬಣ್ಣವನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಬಹುದಾ?"

ಒಣದಾಗಿ ಬೇಡ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಂಭವ ಹೆಚ್ಚು, ಅದರ ಧೂಳು ಮಕ್ಕಳ ಮಿದುಳಿಗೆ ಕೆಡುಕು. ಒದ್ದೆ ಮಾಡಿಕೊಂಡು ಕೆರೆಯಿರಿ, ಬಿದ್ದದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಗರ್ಭಿಣಿಯರನ್ನೂ ಮಕ್ಕಳನ್ನೂ ಆ ದಿನಗಳಲ್ಲಿ ಬೇರೆ ಮನೆಯಲ್ಲಿರಿಸಿ.

## ಮಾಡು, ಮಾಳಿಗೆ, ತಾರಸಿ

"ಹಂಚಿನ ಮಾಡು ವರ್ಷವರ್ಷ ಕೈಯಾಡಿಸಿ ಸಾಕಾಯ್ತು ಮಾರಾಯ್ರೆ. ಬಿಚ್ಚಿ ಸ್ಲ್ಯಾಬ್ ಹಾಕಿದ್ರೆ ಆಗ್ತದಾ?"

ಗೋಡೆಯನ್ನು ಕೇಳಬೇಕು. ಪಕ್ಕಾಸು, ರೀಪು (ಹಂಚನ್ನು ಹೊರುವ ಮರದ ತೊಲೆ, ಪಟ್ಟಿ) ಸೇರಿ ಹಂಚಿನ ಮಾಡು ಚದರ ಮೀಟರಿಗೆ 65 ಕೆಜಿ ಆಸುಪಾಸು ತೂಗುತ್ತದೆ. ನಾಲ್ಕು ಇಂಚಿನ ಆರ್‌ಸಿಸಿ ಸ್ಲ್ಯಾಬು 250 ಕೆಜಿ, ಅಂದರೆ ಸುಮಾರು ನಾಲ್ಕು ಪಟ್ಟು. ಹಂಚನ್ನು ಹೊರಲು ಕಟ್ಟಿದ ಮಣ್ಣಿನ ಗೋಡೆ, ಮುರಕಲ್ಲಿನ ಪಾಯ ಅಷ್ಟನ್ನು ಹೊರುತ್ತದೆಯೇ ಎನ್ನುವುದು ಎಂಜಿನಿಯರರ ಲೆಕ್ಕ, ಧೈರ್ಯದ ಮಾತಲ್ಲ.

ಹಂಚನ್ನು ಬಿಡುವ ಮೊದಲು ಅದಕ್ಕೆ ಏನಾಗಿದೆ ನೋಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಹಂಚು ಕರಾವಳಿಯ ಮಳೆಯನ್ನು ತಡೆಯುತ್ತ ಬಂದಿದೆ. (ಹಂಚಿನ ಹಿಂದಿನ ಮೊಹರಿನಲ್ಲಿ 1865 ಎಂದಿದ್ದರೆ ಅದು ಕಾರ್ಖಾನೆಯ ವರ್ಷ, ನಿಮ್ಮ ಹಂಚಿನದಲ್ಲ. ಅನೇಕರು ಹೆಮ್ಮೆಯಿಂದ ತೋರಿಸುತ್ತಾರೆ.) ಸೋರುವುದು ಬಹುತೇಕ ಹಂಚಿನಿಂದಲ್ಲ. ಹಾವಸೆ ಕಟ್ಟಿ ನೀರಿನ ಗೆರೆ ತುಂಬಿಕೊಂಡಿರುತ್ತದೆ, ರೀಪು ಬಾಗಿ ಹಂಚಿನ ಕೊಕ್ಕೆ ಸರಿದಿರುತ್ತದೆ, ಎರಡು ಮಾಡು ಕೂಡುವ ಕಣಿವೆಯ ತಗಡು ತೂತಾಗಿರುತ್ತದೆ. ಹಂಚು ಇಳಿಸಿ, ತೊಳೆದು, ಬೆರಳಿನಿಂದ ತಟ್ಟಿ. ಗಣಗಣ ಎಂದದ್ದನ್ನು ಇಟ್ಟುಕೊಳ್ಳಿ, ಮೊದ್ದು ಸದ್ದಿನದನ್ನು ಬೇರೆ ಮಾಡಿ. ಕೆಟ್ಟ ರೀಪು ಬದಲಿಸಿ, ಮರಕ್ಕೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಕೊಡಿ (ಚರ್ಮಕ್ಕೆ ತಾಗಿದರೆ ಸುಡುತ್ತದೆ, ಜಾಗ್ರತೆ), ಕಣಿವೆಗೆ ಹೊಸ ತಗಡು ಹಾಕಿ ಮತ್ತೆ ಹೊದೆಸಿ. ಹತ್ತಾರು ವರ್ಷ ಯೋಚನೆಯಿಲ್ಲ. ಕತ್ತಲೆ ಎನಿಸಿದರೆ ನಾಲ್ಕು ಗಾಜಿನ ಹಂಚು, ಸೆಖೆ ಎನಿಸಿದರೆ ಒಳಗಿನಿಂದ ಸೀಲಿಂಗ್ ಹಂಚಿನ ಇನ್ನೊಂದು ಪದರ.

ಮಂಗನ ಕಾಟವಿರುವ ಕಡೆ ಈ ಉತ್ತರ ಪೂರ್ತಿಯಾಗುವುದಿಲ್ಲ ಎಂದು ನನಗೆ ಗೊತ್ತು. ಅಂಥ ಊರುಗಳಲ್ಲಿ ಜನ ಹಂಚಿನ ಮೇಲೆ ತಂತಿಬಲೆ ಕಟ್ಟಿ ನೋಡಿದ್ದಾರೆ, ಕೆಲವರು ಕೊನೆಗೆ ತಗಡಿಗೆ ಹೋಗಿದ್ದಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ.

"ನಮ್ದು ಮೇಲ್ಮುದ್ದಿ ಮನಿ ಐತ್ರಿ. ಬ್ಯಾಸಿಗ್ಯಾಗ ತಂಪು, ಮಳಿಗಾಲದಾಗ ಸೋರತೈತಿ. ಏನ್ ಮಾಡೂದು?"

ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲನ್ನು ಕಂಡವರಿಗೆ ಆ ತಂಪಿನ ಬೆಲೆ ಗೊತ್ತು. ಅದನ್ನು ಕಳೆದುಕೊಳ್ಳಬೇಡಿ. ಸೋರಲು ಮುಖ್ಯ ಕಾರಣ ಮಾಳಿಗೆಯ ಮೇಲೆ ಸವಳು (ಉಪ್ಪಿನಂಶದ) ಮಣ್ಣು ಹಾಕುವ ವಾಡಿಕೆ ನಿಂತದ್ದು, ಇಲ್ಲವೆ ಹಳೆಯದನ್ನು ತೆಗೆಯದೆ ಅದರ ಮೇಲೇ ಹಾಕುತ್ತ ಹೋದದ್ದು. ಎರಡನೆಯದು ಹೆಚ್ಚು ಅಪಾಯ. ಒಂದಡಿ ಮಣ್ಣು ಎಂದರೆ ಚದರ ಮೀಟರಿಗೆ 500 ಕೆಜಿ, ಅದು ಒದ್ದೆಯಾದರೆ ಇನ್ನೂ ಹೆಚ್ಚು. ಜಂತಿ ಮುರಿದು ಮಾಳಿಗೆ ಕುಸಿಯುವುದು ಹೀಗೆಯೇ.

ಬೇಸಿಗೆಯಲ್ಲಿ ಹಳೆ ಮಣ್ಣು ಪೂರ್ತಿ ಇಳಿಸಿ. ತೊಲೆ, ಜಂತಿಗಳ ಗೋಡೆಯೊಳಗಿನ ತುದಿಯನ್ನು ಚೂರಿಯಿಂದ ಚುಚ್ಚಿ ನೋಡಿ, ಗೆದ್ದಲು ಹಿಡಿಯುವುದು ಅಲ್ಲೇ. ಕೆಟ್ಟದ್ದನ್ನು ಬದಲಿಸಿ ಹೊಸದಾಗಿ ಅರ್ಧ ಅಡಿ ಮಣ್ಣನ್ನು ಬಡಿದು ಕೂರಿಸಿ, ನೀರು ಒಂದು ಕಡೆ ಹರಿಯುವ ಇಳಿಜಾರು ಕೊಡಿ. ಮಣ್ಣಿನ ನಡುವೆ ದಪ್ಪ ತಾಡಪಾಲು ಹಾಸುವವರಿದ್ದಾರೆ. ಹಾಸಿದರೆ ಮೇಲಿನ ಪದರದಲ್ಲಿರಲಿ, ಮರಕ್ಕೆ ತಾಗಬಾರದು, ತಾಗಿದರೆ ಮರ ಬೆವರಿ ಕೊಳೆಯುತ್ತದೆ. ಬೆಳಕಿಂಡಿಗಳನ್ನು ಮುಚ್ಚಬೇಡಿ, ಬಿಸಿಗಾಳಿ ಹೊರಗೆ ಹೋಗುವುದು ಅಲ್ಲಿಂದಲೇ.

"ಬಸವನಗುಡಿಯಲ್ಲಿ ತಾತ ಕಟ್ಟಿಸಿದ ಮನೆ, ಮದ್ರಾಸ್ ತಾರಸಿ. ಮೇಲೆ ಕಾಂಕ್ರೀಟ್ ಹಾಕಿಸಿ ಗಟ್ಟಿ ಮಾಡೋಣ ಅಂತಿದ್ದಾರೆ."

ಬೇಡ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರದಲ್ಲಿ ಎದ್ದ ಮನೆಗಳ ಪೈಕಿ ಇಂಥ ತಾರಸಿಯವು ಇನ್ನೂ ಕೆಲವು ಉಳಿದಿವೆ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ಸುಣ್ಣದಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರಿನ ಗಾರೆ ಹಾಕಿದ್ದು ಅದು. ಹೊಸ ಕಾಂಕ್ರೀಟು ಎಂದರೆ ತೊಲೆಗೆ ಹೊಸ ಭಾರ ಮಾತ್ರ. ಮೇಲಿನ ಸುಣ್ಣದ ಪದರವನ್ನು ಸರಿಮಾಡಿಸಿ, ಗೋಡೆಯೊಳಗೆ ಹೊಕ್ಕ ತೊಲೆಯ ತುದಿ ಪರೀಕ್ಷಿಸಿ. ದುರ್ಬಲವಾಗಿದ್ದರೆ ಪಕ್ಕದಲ್ಲೇ ಉಕ್ಕಿನ ಆಸರೆ ಕೊಡಿಸಿ.

"ಸೀಲಿಂಗಿನ ಸಿಮೆಂಟ್ ಉದುರಿ ಕಂಬಿ ಕಾಣ್ತಿದೆ. ಪ್ಲಾಸ್ಟರ್ ಮಾಡಿಸಿ ಫಾಲ್ಸ್ ಸೀಲಿಂಗ್ ಹಾಕಿಸಿದ್ರೆ ಸಾಕಾ?"

ದಯವಿಟ್ಟು ಮುಚ್ಚಬೇಡಿ. ಈ ಪಟ್ಟಿಯಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ಪ್ರಶ್ನೆ ಇದು.

ಹೊಸ ಕಾಂಕ್ರೀಟಿನ ಕ್ಷಾರ ಗುಣ ಕಂಬಿಯನ್ನು ಕಾಪಾಡುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಆ ಗುಣವನ್ನು ಕೊಲ್ಲುತ್ತ ಬರುತ್ತದೆ. ಸ್ಲ್ಯಾಬಿನಲ್ಲಿ ಕಂಬಿಯ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟು ಇರಬೇಕು, ಹಳೆ ಮನೆಗಳಲ್ಲಿ ಎಷ್ಟೋ ಕಡೆ ಅದರ ಅರ್ಧವೂ ಇಲ್ಲ. ಮೇಲಿನಿಂದ ಮಳೆ ನೀರೂ ಬಂದರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟು ಸಿಡಿದು ಬೀಳುತ್ತದೆ. ಕರಾವಳಿಯಲ್ಲಿ ಉಪ್ಪು ಗಾಳಿ ಈ ಕೆಲಸವನ್ನು ಇನ್ನೂ ಬೇಗ ಮುಗಿಸುತ್ತದೆ.

ಸರಿಯಾದ ಕ್ರಮ: ಮೊದಲು ತಾರಸಿಯ ಸೋರಿಕೆ ನಿಲ್ಲಿಸುವುದು. ಕೆಳಗಿನಿಂದ ಆಸರೆ ಕೊಟ್ಟು, ಸಡಿಲವಾದ ಕಾಂಕ್ರೀಟನ್ನೆಲ್ಲ ಕಂಬಿಯ ಹಿಂದಿನವರೆಗೂ ಕೆತ್ತುವುದು. ಕಂಬಿಯನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಜೋಡಿಸಿ, ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಬೆರೆತ ಗಾರೆಯಿಂದ ತುಂಬುವುದು. ಒಂದೆರಡು ಚದರಡಿ ಮೀರಿದ ಕೆಲಸವಾದರೆ ಎಂಜಿನಿಯರರಿಂದ ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ (ಒಡೆಯದೆ ಕಾಂಕ್ರೀಟಿನ ಗಟ್ಟಿತನ ನೋಡುವುದು) ಮಾಡಿಸಿ, ಸ್ಲ್ಯಾಬನ್ನು ಉಳಿಸಬೇಕೋ ಬೇಡವೋ ತಿಳಿಯಿರಿ.

"ಮೇಲಿನ ಮಹಡಿ ಕಾವಲಿ ಥರ ಕಾಯುತ್ತೆ. ಎಸಿ ಇಲ್ಲದೆ ದಾರಿ ಇಲ್ವಾ?"

ದಿನವಿಡೀ ಕುಡಿದ ಬಿಸಿಲನ್ನು ಸ್ಲ್ಯಾಬು ರಾತ್ರಿ ನಿಮ್ಮ ಮೇಲೆ ಬಿಡುತ್ತದೆ. ಹಾಗಾಗಿ ಬಿಸಿಲು ಸ್ಲ್ಯಾಬಿಗೆ ತಾಗದ ಹಾಗೆ ಮಾಡುವುದೇ ಮುಖ್ಯ. ಅಗ್ಗದ್ದು ಬಿಳಿ ಸುಣ್ಣ: ಗಟ್ಟಿಯಾಗಿ ಕಲಸಿ, ಅಂಟು ಬೆರೆಸಿ, ಫೆಬ್ರವರಿಯಲ್ಲಿ ಎರಡು ಕೋಟು. ಮಳೆಗೆ ಹೋಗುತ್ತದೆ, ಮರುವರ್ಷ ಮತ್ತೆ ಹೊಡೆಯಬೇಕು. ಬಾಳಿಕೆ ಬೇಕೆಂದರೆ ಬಿಳಿ ಟೈಲ್ಸ್ ಚೂರನ್ನು ಇಳಿಜಾರಾಗಿ ಹಾಸಿಸಿ. ಸೋರಿಕೆಗೂ ಅದೇ ಮದ್ದು, ಟೈಲ್ಸ್ ಅಂಗಡಿಯ ಒಡಕು ಮಾಲು ನಡೆಯುತ್ತದೆ. ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ಸಜ್ಜಾ, ಬಿದಿರಿನ ಪರದೆ ಎಷ್ಟೋ ಮೇಲು. ಗಾಜು ದಾಟಿ ಒಳಗೆ ಬಂದ ಬಿಸಿ ಮತ್ತೆ ಹೊರಗೆ ಹೋಗುವುದಿಲ್ಲ.

ತಾರಸಿ ತೋಟದವರಿಗೆ ಒಂದು ಎಚ್ಚರಿಕೆ. ಓಡಾಡುವ ತಾರಸಿಗೆ ಲೆಕ್ಕ ಹಾಕುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಅರ್ಧ ಅಡಿ ಒದ್ದೆ ಮಣ್ಣೊಂದೇ 250 ಕೆಜಿ ಮೀರುತ್ತದೆ. ಕುಂಡಗಳನ್ನು ಗೋಡೆ, ಬೀಮಿನ ಮೇಲೆ ಸಾಲಾಗಿಡಿ, ಇಡೀ ತಾರಸಿಗೆ ಮಣ್ಣು ಹರಡಬೇಡಿ.

"ಹಿಂದಿನ ಕೊಟ್ಟಿಗೆಗೆ ಸಿಮೆಂಟ್ ಶೀಟ್ ಇದೆ, ತೆಗೆಸ್ಬೇಕು."

ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ಕ್ಯಾನ್ಸರ್ ಆಗಿ ಕಾಣಬಹುದು. ಒಡೆಯಬೇಡಿ, ಕತ್ತರಿಸಬೇಡಿ, ತೂತು ಕೊರೆಯಬೇಡಿ. ನೀರು ಸುರಿದು ಒದ್ದೆ ಮಾಡಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಕೆಲಸದವರಿಗೂ ಒಳ್ಳೆಯ ಮಾಸ್ಕ್ ಕೊಡಿ. ಗಟ್ಟಿಯಾಗಿದ್ದರೆ, ಒಡೆದಿಲ್ಲದಿದ್ದರೆ, ಮುಟ್ಟದೆ ಬಿಡುವುದೂ ಒಂದು ದಾರಿ.

## ನೀರು ಮತ್ತು ಕರೆಂಟು

"ಹಳೆ ಮನೆಗೆ ಮಳೆಕೊಯ್ಲು ಮಾಡಿಸೋದು ತಾಪತ್ರಯ ಅಲ್ವಾ? ಅಷ್ಟು ನೀರು ಸಿಗುತ್ತಾ?"

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. 100 ಚದರ ಮೀಟರ್ ತಾರಸಿಯ ಮೇಲೆ ಬಿದ್ದದ್ದರಲ್ಲಿ ನೂರಕ್ಕೆ 80 ಹಿಡಿದರೂ 77,000 ಲೀಟರ್ ಆಯಿತು. ನಾಲ್ಕು ಜನರಿಗೆ ತಲೆಗೆ 135 ಲೀಟರಿನಂತೆ 140 ದಿನಗಳ ನೀರು. ಎಲ್ಲವನ್ನೂ ಕೂಡಿಡಲು ಜಾಗವಿರುವುದಿಲ್ಲ, ಆದರೆ ನೆಲಕ್ಕೆ ಇಂಗಿಸಬಹುದು.

ಹಳೆ ಮನೆಯಲ್ಲಿ ಈ ಕೆಲಸ ಹೊಸ ಮನೆಗಿಂತ ಕಷ್ಟವೇನಲ್ಲ. ತಾರಸಿಯ ಪೈಪುಗಳನ್ನು ಹೊರಗಿನಿಂದಲೇ ಒಂದು ಕಡೆ ಕೂಡಿಸಿ, ಮೊದಲ ಮಳೆಯ ಕೊಳೆ ನೀರು ಬೇರೆ ಹೋಗುವಂತೆ ಮಾಡಿ, ಫಿಲ್ಟರ್ ಮೂಲಕ ಸಂಪಿಗೆ ಬಿಡುವುದು. ಸಂಪು ತುಂಬಿ ಹೆಚ್ಚಾದದ್ದು ಇಂಗುಬಾವಿಗೆ. ಮೂರಡಿ ಅಗಲ, 15-20 ಅಡಿ ಆಳದ ರಿಂಗಿನ ಬಾವಿ ಸಾಕು. ಬೆಂಗಳೂರು ಸುತ್ತ ಬಾವಿ ತೋಡುವ ಮಣ್ಣುಒಡ್ಡರ ಕೈಕಸುಬು ಇನ್ನೂ ಜೀವಂತವಿದೆ, ಅವರು ಮಣ್ಣು ನೋಡಿಯೇ ಎಷ್ಟು ಆಳಕ್ಕೆ ನೀರು ಇಂಗೀತು ಎಂದು ಹೇಳುತ್ತಾರೆ. ಪಾಯದಿಂದ ದೂರವಿರಲಿ, ಎರೆ ಮಣ್ಣಿನಲ್ಲಿ ಮನೆಯ ಪಕ್ಕ ನೀರು ಇಂಗಿಸಲೇಬೇಡಿ.

ಬೆಂಗಳೂರಿನವರಿಗೆ ಇದು ಬರೀ ಆಸೆಯ ವಿಷಯವೂ ಅಲ್ಲ. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿ 40-60 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹಳೆ ಮನೆಗಳಿಗೂ ಮಳೆಕೊಯ್ಲನ್ನು ಕಡ್ಡಾಯ ಮಾಡಿತು. ಜಯನಗರ 5ನೇ ಬ್ಲಾಕಿನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನದಲ್ಲಿ ಹಲವು ಮಾದರಿಗಳನ್ನು ಕಣ್ಣಾರೆ ನೋಡಬಹುದು.

"ಗೃಹಜ್ಯೋತಿಯಲ್ಲಿ ಕರೆಂಟ್ ಬಿಲ್ಲೇ ಬರಲ್ಲ. ಸೋಲಾರ್ ಯಾಕೆ ಹಾಕಿಸ್ಬೇಕು?"

ನಿಮ್ಮ ಬಳಕೆ ಆ ಉಚಿತ ವಿದ್ಯುತ್ ಯೋಜನೆಯ ಮಿತಿಯೊಳಗಿದ್ದರೆ ದುಡ್ಡಿನ ಲೆಕ್ಕದಲ್ಲಿ ಅವಸರವಿಲ್ಲ, ಅದೇ ಹಣವನ್ನು ತಾರಸಿಗೆ ಹಾಕಿ. 200 ಯೂನಿಟ್ ದಾಟುವ ಮನೆಗಳ ಮಾತು ಬೇರೆ. ಅಂಥವರೂ ಮೊದಲು ಬಳಕೆ ಇಳಿಸಬೇಕು: 75 ವ್ಯಾಟಿನ ಹಳೆ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು, ಗೀಸರಿನ ಬದಲು ಸೋಲಾರ್ ವಾಟರ್ ಹೀಟರ್. 100 ಲೀಟರ್ ನೀರನ್ನು 25 ಡಿಗ್ರಿಯಿಂದ 50ಕ್ಕೆ ಕಾಯಿಸಲು ಗೀಸರಿಗೆ ಸುಮಾರು 3 ಯೂನಿಟ್ ಬೇಕು, ದಿನಾ. ಇಷ್ಟಾದ ಮೇಲೆ ಬೇಕಾಗುವ ಪ್ಯಾನೆಲ್ ಚಿಕ್ಕದಾಗಿರುತ್ತದೆ. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ 100 ಚದರಡಿ ಜಾಗ ಬೇಕು, ದಿನಕ್ಕೆ 4 ಯೂನಿಟ್ ಬರುತ್ತದೆ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಶುರುವಾದಾಗ 1 ಕಿಲೋವ್ಯಾಟಿಗೆ ₹30,000, 2ಕ್ಕೆ ₹60,000, 3 ಮತ್ತು ಮೇಲ್ಪಟ್ಟದ್ದಕ್ಕೆ ₹78,000 ಸಹಾಯಧನ ಗೊತ್ತುಮಾಡಿತು.

ಪ್ಯಾನೆಲ್ 25 ವರ್ಷ ಬಾಳುತ್ತದೆ. ಸೋರುವ ತಾರಸಿಯ ಮೇಲೆ ಅದನ್ನು ಕೂರಿಸಿದರೆ ಮೂರನೇ ವರ್ಷ ಎಲ್ಲ ಬಿಚ್ಚಬೇಕಾಗುತ್ತದೆ.

## ಇನ್ನೂ ಮುಂದಕ್ಕೆ

"ಮಗನಿಗೆ ಮದುವೆ. ಇರೋ ಮನೆ ಮೇಲೆ ಇನ್ನೊಂದು ಮಹಡಿ ಹಗುರವಾಗಿ ಏರಿಸಬಹುದಾ?"

ಹೊಸ ಸೈಟಿನಲ್ಲಿ ಹೊಸ ಮನೆಗಿಂತ ಇದು ಒಳ್ಳೆಯ ಯೋಚನೆ. ಪಾಯದ ಪಕ್ಕ ಒಂದೆರಡು ಕಡೆ ಗುಂಡಿ ತೋಡಿಸಿ, ಅಗಲ ಆಳ ಅಳೆಸಿ, ಎಂಜಿನಿಯರರಿಂದ ಲೆಕ್ಕ ಮಾಡಿಸಿದ ಮೇಲೆ ಮುಂದಿನದು. ಪಾಯಕ್ಕೆ ಅಷ್ಟು ಶಕ್ತಿಯಿಲ್ಲದಿದ್ದರೆ ಉಕ್ಕಿನ ಚೌಕಟ್ಟು, ಹಗುರ ಗೋಡೆ, ಹಂಚಿನ ಮಾಡಿನಲ್ಲಿ ಮುಗಿಸಬಹುದೇ ಕೇಳಿ.

ಇಟ್ಟಿಗೆಯಲ್ಲೇ ಕಟ್ಟುವುದಾದರೆ, ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬೆಳೆಸಿದ ಇಲಿಬೋನಿನ ಜೋಡಣೆ (ರ‍್ಯಾಟ್ ಟ್ರ್ಯಾಪ್ ಬಾಂಡ್) ನೋಡಿ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವುದರಿಂದ ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಗೋಡೆ ಹಗುರವಾಗುತ್ತದೆ, ಬಿಸಿಲೂ ಕಡಿಮೆ ಒಳಬರುತ್ತದೆ. ಸ್ಲ್ಯಾಬಿನ ಕೆಳಭಾಗದಲ್ಲಿ, ಕಾಂಕ್ರೀಟು ಹೆಚ್ಚು ಕೆಲಸ ಮಾಡದ ಕಡೆ, ನಿಮ್ಮದೇ ಹಳೆ ಹಂಚುಗಳನ್ನು ಜೋಡಿಸಿದರೆ ಫಿಲ್ಲರ್ ಸ್ಲ್ಯಾಬು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ತಂಡ ಬೆಳೆಸಿದ ಒತ್ತು ಮಣ್ಣಿಟ್ಟಿಗೆಯೂ ಒಳ್ಳೆಯದು. ಪಾಯ ತೋಡಿದ ಮಣ್ಣಿಗೇ ಸ್ವಲ್ಪ ಸಿಮೆಂಟು ಬೆರೆಸಿ, ಸುಡದೆ ಮಾಡುವುದು ಅದು. ತೂಕ ಮಾತ್ರ ಕಡಿಮೆಯಿಲ್ಲ, ಆದ್ದರಿಂದ ಮೇಲ್ಮಹಡಿಗೆ ಯೋಚಿಸಿ ಬಳಸಿ.

"ಒಡೆದು ತೆಗೆದ ಬಾಗಿಲು, ಕಿಟಕಿ, ಇಟ್ಟಿಗೆ, ಡೆಬ್ರಿಸ್ ಏನು ಮಾಡೋದು?"

ಸುತ್ತಿಗೆ ಕೈಗೆತ್ತಿಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು. ಒಡೆಯುವುದು ಬೇರೆ, ಬಿಚ್ಚುವುದು ಬೇರೆ. ಬಿಚ್ಚುವ ಕೂಲಿ ಹೆಚ್ಚು, ಆದರೆ ತೇಗ, ಹಲಸು, ಹೊನ್ನೆ, ಮತ್ತಿಯ ಹಳೆ ಮರಕ್ಕೆ ಇವತ್ತು ಸಿಗುವ ಹೊಸ ಮರ ಸಾಟಿಯಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಇಡಿಯಾಗಿ ಬಿಟ್ಟುಕೊಳ್ಳುತ್ತದೆ, ಸಿಮೆಂಟಿನದು ಬಿಡುವುದಿಲ್ಲ. ಮಣ್ಣಿನ ಗೋಡೆಯ ಮಣ್ಣನ್ನು ಮತ್ತೆ ಕಲಸಿ ಅದೇ ಮನೆಗೆ ಬಳಸಬಹುದು. ಕಾವಿ ನೆಲ, ಶಹಾಬಾದ್ ಕಲ್ಲು ಮಾಸಿದ್ದರೆ ಪಾಲಿಷ್ ಸಾಕು, ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಸಬೇಡಿ. ಉಳಿದ ಚೂರು ಸಂಪಿನ ಸುತ್ತ, ಅಂಗಳದ ಭರ್ತಿಗೆ ಆಗುತ್ತದೆ. ಕೆರೆಯಂಗಳ, ರಾಜಕಾಲುವೆಗೆ ರಾತ್ರಿ ಸುರಿದು ಹೋಗುವ ಟ್ರ್ಯಾಕ್ಟರಿನವರಿಗೆ ಕೊಡಬೇಡಿ. ಕಟ್ಟಡ ತ್ಯಾಜ್ಯವನ್ನು ಬೇರೆ ಮಾಡಿ ನಿಗದಿತ ಜಾಗಕ್ಕೆ ತಲುಪಿಸುವ ಹೊಣೆ ಮನೆಯವರದು ಎಂದು 2016ರ ನಿಯಮವೇ ಹೇಳಿತ್ತು.

"ನಾನಿರೋದು ದುಬೈಯಲ್ಲಿ. ಊರ ಮನೆಗೆ ಬೀಗ ಹಾಕಿದೆ. ಅಪ್ಪ ಅಮ್ಮ ಇಲ್ಲ. ರಿಪೇರಿ ಮಾಡಿಸಿದ್ರೂ ಉಳಿಯುತ್ತಾ?"

ಈ ಪ್ರಶ್ನೆ ಕೇಳುವವರ ದನಿ ಸಣ್ಣಗಾಗುತ್ತದೆ, ನನಗೂ ಉತ್ತರಿಸುವುದು ಸುಲಭವಲ್ಲ. ಜನರಿಲ್ಲದ ಮನೆ ಬೇಗ ಹಾಳಾಗುವುದಕ್ಕೆ ಸ್ಪಷ್ಟ ಕಾರಣಗಳಿವೆ. ಒಲೆಯ ಹೊಗೆ, ಬಿಸಿ ಇಲ್ಲದೆ ಮಾಡಿನ ಮರ ಒಣಗುವುದಿಲ್ಲ. ಕಿಟಕಿ ತೆರೆಯದೆ ತೇವ ಒಳಗೇ ಕೂರುತ್ತದೆ. ಒಂದು ಹಂಚು ಜಾರಿದ್ದನ್ನು ಅದೇ ದಿನ ಯಾರೂ ನೋಡುವುದಿಲ್ಲ, ನೋಡುವ ಹೊತ್ತಿಗೆ ಪಕ್ಕಾಸು ಕೊಳೆತು ಗೋಡೆ ನೆನೆದಿರುತ್ತದೆ.

ಹಾಗಾಗಿ ದೊಡ್ಡ ರಿಪೇರಿಗೆ ಹಣ ಕಳಿಸುವ ಮೊದಲು ಮನೆಗೆ ಒಬ್ಬ ಮನುಷ್ಯರನ್ನು ಹುಡುಕಿ. ಬಾಡಿಗೆ ಬೇಡ ಎಂದು ಶಾಲೆಯ ಮೇಷ್ಟರಿಗೋ ಅಂಗನವಾಡಿಯ ಅಕ್ಕನಿಗೋ ಇರಲು ಕೊಟ್ಟವರ ಮನೆಗಳು ಚೆನ್ನಾಗಿ ಉಳಿದದ್ದನ್ನು ಕಂಡಿದ್ದೇನೆ. ಅದೂ ಆಗದಿದ್ದರೆ ನೆರೆಯವರೊಬ್ಬರಿಗೆ ತಿಂಗಳಿಗೆ ಇಷ್ಟು ಎಂದು ಕೊಟ್ಟು ಮೂರು ಕೆಲಸ ಒಪ್ಪಿಸಿ: ವಾರಕ್ಕೊಮ್ಮೆ ಎಲ್ಲ ಕಿಟಕಿ ಬಾಗಿಲು ತೆರೆದು ಸಂಜೆ ಮುಚ್ಚುವುದು, ತಿಂಗಳಿಗೊಮ್ಮೆ ಒಳಗೆ ಒಲೆ ಹೊತ್ತಿಸುವುದು, ಮೇ ತಿಂಗಳ ಕೊನೆಯೊಳಗೆ ಮಾಡು ಹತ್ತಿ ಕಸ, ಎಲೆ ತೆಗೆದು ಒಡೆದ ಹಂಚು ಬದಲಿಸುವುದು. ಬದಲಿಸಲು ನೂರು ಹಳೆ ಹಂಚು ಅಟ್ಟದ ಮೇಲೆ ಇಟ್ಟಿರಿ. ಮೊದಲ ಮಳೆ ಬಿದ್ದ ಮರುದಿನ ಅವರಿಗೆ ಫೋನ್ ಮಾಡಿ, ಒಳಗೆ ಎಲ್ಲಾದರೂ ಹನಿ ಬಿದ್ದಿದೆಯೇ ಕೇಳಿ.